ನನ್ನ ಮನೆಯೇ ಒಡೆಯುತ್ತಿರುವಾಗ ಇನ್ನೊಬ್ಬರ ದಾಂಪತ್ಯದ ಮಾತು ಕೇಳುತ್ತ ಕೂರಬಹುದೆ?

ಪ್ರಶ್ನೆ: ಧಾರವಾಡದ ಸಮಾಲೋಚಕಿ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಹದಿನಾಲ್ಕು ವರ್ಷಗಳಿಂದ ಆಪ್ತಸಮಾಲೋಚನೆಯ ಕೆಲಸ ಮಾಡಿಕೊಂಡು ಬಂದಿದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಂಡ-ಹೆಂಡತಿಯ ತಕರಾರು ಹೊತ್ತು ಬರುವವರು. ಹೆಸರು ಮರೆಮಾಡಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅವಳಿ ನಗರದಲ್ಲಿ ಈ ಕೆಲಸ ಮಾಡುವವರೆಲ್ಲ ಒಂದು ತರಬೇತಿಯಲ್ಲಿ ಅಲ್ಲದಿದ್ದರೆ ಯಾರದೋ ಮದುವೆಮನೆಯಲ್ಲಿ ಎದುರಾಗುವವರೇ.

ಐದು ತಿಂಗಳಿಂದ ನನ್ನ ಯಜಮಾನರು ಹುಬ್ಬಳ್ಳಿಯಲ್ಲಿ ತಮ್ಮ ಅಣ್ಣನ ಮನೆಯಲ್ಲಿದ್ದಾರೆ. ಕೂಗಾಡಿ ಹೋದವರಲ್ಲ. ದಿನಾ ಕೆಲಸಕ್ಕೆ ಓಡಾಡುವುದು ಕಷ್ಟ ಎಂದು ಹೇಳಿ ಹೋದರು. ಚಿಗರಿ ಎಂಬ ವೇಗದ ಬಸ್ಸು ಓಡುವ 20 ಕಿಲೋಮೀಟರ್ ದಾರಿಗೆ ಅದು ಕಾರಣವಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಹೋಗುವ ಹಿಂದಿನ ರಾತ್ರಿ ಅವರು, "ಊರ ಮಂದಿಗೆಲ್ಲಾ ತಾಸಗಟ್ಟಲೆ ಕಿವಿ ಕೊಡ್ತಿ, ನನಗ ಹತ್ತ ನಿಮಿಷ ಕೊಡಾಕ ನಿನ್ನ ಕಡೆ ಏನೂ ಉಳಿದಿರಂಗಿಲ್ಲ" ಎಂದರು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಆದರೆ ಬಂದದ್ದು ಸೆಷನ್‌ನಲ್ಲಿ ಆಡುವ ಮಾತು: "ನಿಮಗೆ ಹೀಗೆ ಯಾವಾಗಿನಿಂದ ಅನ್ನಿಸುತ್ತಿದೆ?" ಅವರು ಬಹಳ ಹೊತ್ತು ನನ್ನನ್ನೇ ನೋಡಿ, ಎದ್ದುಹೋಗಿ ದೀಪ ಆರಿಸಿದರು.

ಅದಾಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಎದ್ದಾಗ ಎಡಗಿವಿ ಅರಳೆ ತುರುಕಿದಂತೆ ಮುಚ್ಚಿಕೊಂಡಿತ್ತು, ಒಳಗೆ ಬಿಡದ ಒಂದು ಸಣ್ಣ ಶಿಳ್ಳೆ. ನೆಗಡಿ ಇರಬೇಕೆಂದುಕೊಂಡೆ. ಆ ವಾರವೆಲ್ಲ ಅಪಾಯಿಂಟ್‌ಮೆಂಟ್ ಕೊಟ್ಟಾಗಿತ್ತು, ದೂರದ ಊರುಗಳಿಂದ ಬರುವವರಿದ್ದರು, ಯಾರಿಗೂ ಬೇಡವೆನ್ನಲಾಗಲಿಲ್ಲ. ವೈದ್ಯರ ಹತ್ತಿರ ಹೋದದ್ದು ಒಂಬತ್ತನೆಯ ದಿನ. ಆಡಿಯೋಗ್ರಾಮ್ ಎಂಬ ಕೇಳುವಿಕೆಯ ಪರೀಕ್ಷೆ ಮಾಡಿ, ಇದು ನರಕ್ಕೆ ಸಂಬಂಧಿಸಿದ ಹಠಾತ್ ಕಿವುಡು ಎಂದು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಕೇಳುವಿಕೆ ಸ್ವಲ್ಪ ಮರಳಿತು, ಬಹುಪಾಲು ಮರಳಲಿಲ್ಲ. ಮತ್ತೊಮ್ಮೆ ಪರೀಕ್ಷೆಗೆ ಬರಲು ಹೇಳಿ, ಎಂ.ಆರ್.ಐ. ಮಾಡಿಸಲು ಚೀಟಿಯನ್ನೂ ಬರೆದುಕೊಟ್ಟಿದ್ದರು. ಆ ಚೀಟಿ ಇಂದಿಗೂ ನನ್ನ ಚೀಲದಲ್ಲಿಯೇ ಇದೆ.

ಬಂದವರು ಕೂರುವ ಕುರ್ಚಿಯನ್ನು ಎಡದಿಂದ ನನ್ನ ಬಲಕ್ಕೆ ಸರಿಸಿದ್ದೇನೆ. ಕಾರಣ ಯಾರಿಗೂ ಹೇಳಿಲ್ಲ. ಆದರೆ ಅತಿ ಮುಖ್ಯವಾದ ಮಾತನ್ನು ಜನ ಸಣ್ಣ ದನಿಯಲ್ಲಿ, ಅಳುವಿನ ನಡುವೆ, ಸೆರಗನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿದುಕೊಂಡು ಹೇಳುತ್ತಾರೆ. ಅಂಥದನ್ನು ಇನ್ನೊಮ್ಮೆ ಹೇಳಿ ಎಂದು ಹೇಗೆ ಕೇಳಲಿ? ಕೇಳಿಸದೆ ಇದ್ದಾಗಲೂ ಕೇಳಿಸಿದಂತೆ ತಲೆಯಾಡಿಸಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯದಿದ್ದರೆ ಪ್ರಶ್ನೆ ಪೂರ್ತಿಯಾಗುವುದಿಲ್ಲ.

ಇನ್ನು ನಿಜವಾದ ಸಂಕಟ. ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬರುತ್ತಿದ್ದಾರೆ (ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ). ಅವರ ಗಂಡನೂ ಮಾತು ಬಿಟ್ಟು ಬೇರೆಡೆ ಇದ್ದಾನೆ. ನಾಲ್ಕನೆಯ ಸಲ ಬಂದಾಗ, ಗಂಡನಿಗೆ ಒಂದು ಕಾಗದ ಬರೆಯಬೇಕೆಂದಿದ್ದೇನೆ, ಹೇಗೆ ಶುರುಮಾಡಲಿ ಎಂದು ಕೇಳಿದರು. ನಾನು, "ಬಿಟ್ಟುಹೋದವರ ಹಿಂದೆ ಎಷ್ಟು ದಿನ ಅಂತ ಓಡುತ್ತೀರಿ?" ಎಂದುಬಿಟ್ಟೆ. ಆಕೆ ಸುಮ್ಮನಾದರು. ಮುಂದಿನ ವಾರ ಬಂದಾಗ ಕಾಗದದ ಮಾತನ್ನೇ ಎತ್ತಲಿಲ್ಲ.

ಆಕೆಯನ್ನು ನಾನು ನೋಡುವುದನ್ನು ಮುಂದುವರಿಸಬಹುದೆ, ಅಥವಾ ಕೆಲಸವನ್ನೇ ಕೆಲವು ಕಾಲ ನಿಲ್ಲಿಸಬೇಕೆ? ಕೋಣೆಯ ಬಾಡಿಗೆ ಮತ್ತು ಮಗಳ ಕಾಲೇಜಿನ ಶುಲ್ಕ ಈ ದುಡಿಮೆಯಿಂದಲೇ ನಡೆಯಬೇಕು ಎಂಬುದನ್ನೂ ಗಮನದಲ್ಲಿಟ್ಟು ಹೇಳಿ. ಬರುವವರಿಗೆ ನನ್ನ ಬಗ್ಗೆ ಏನು ಹೇಳಬೇಕು, ಎಷ್ಟು ಹೇಳಬೇಕು? ಮತ್ತು ನಾನು ಯಾರ ಮುಂದೆ ಹೋಗಿ ಕೂರಲಿ? ಇಲ್ಲಿರುವವರೆಲ್ಲರೂ ನನಗೆ ಪರಿಚಯ, ಹಲವರು ಯಜಮಾನರಿಗೂ ಪರಿಚಯ.

ಉತ್ತರ: ಹುಬ್ಬಳ್ಳಿಯ ಹಿರಿಯ

ತಂಗಿ, ವಯಸ್ಸಿನಲ್ಲಿ ಹಿರಿಯನಾದ್ದರಿಂದ ಹೀಗೆ ಕರೆಯುತ್ತಿದ್ದೇನೆ. ನಾನು ಈ ಕೆಲಸಕ್ಕೆ ಬಂದು ಮೂವತ್ತು ವರ್ಷಗಳಾದವು.

ಮೊದಲು ಕಿವಿಯ ವಿಷಯ, ಏಕೆಂದರೆ ನೀವು ಬರೆದದ್ದನ್ನು ಓದುತ್ತಿದ್ದಂತೆ ನನಗೆ ನೆನಪಾದದ್ದು ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್. 1923ರಲ್ಲಿ ಅವರ ಬಾಯೊಳಗೆ, ಮೇಲ್ದವಡೆಯಲ್ಲಿ, ಕ್ಯಾನ್ಸರ್ ಕಾಣಿಸಿಕೊಂಡಿತು. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಮೊದಲ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಬಲಗಿವಿ ಬಹುತೇಕ ಕೇಳದಾಯಿತು. ರೋಗಿಗಳು ಮಲಗಿ ಮಾತನಾಡುತ್ತಿದ್ದುದು ಆ ಬದಿಗೇ ಆದ್ದರಿಂದ, ಮಂಚದ ಮತ್ತು ತಮ್ಮ ಕುರ್ಚಿಯ ದಿಕ್ಕನ್ನೇ ಅದಲುಬದಲು ಮಾಡಿಸಿಕೊಂಡರು. ಕುರ್ಚಿ ಸರಿಸಿದ್ದು ತಪ್ಪಲ್ಲ ಎಂದು ನಿಮಗೆ ತಿಳಿಯಲಿ ಎಂದು ಇದನ್ನು ಹೇಳಿದೆ. ಅವರು 1939ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವುದಕ್ಕೆ ಕೆಲವೇ ವಾರಗಳ ಮೊದಲಿನವರೆಗೂ ರೋಗಿಗಳನ್ನು ನೋಡಿದರು. ಅದನ್ನು ಮಾತ್ರ ನೀವು ಮಾದರಿಯಾಗಿ ಇಟ್ಟುಕೊಳ್ಳಬೇಡಿ.

ಆ ಹೆಣ್ಣುಮಗಳಿಗೆ ನೀವು ಆಡಿದ ಮಾತಿಗೆ ನಮ್ಮ ಓದಿನಲ್ಲಿ ಕೌಂಟರ್‌ಟ್ರಾನ್ಸ್‌ಫರೆನ್ಸ್ ಎನ್ನುತ್ತೇವೆ. 1910ರ ಸುಮಾರಿಗೆ ಆ ಹೆಸರು ಕೊಟ್ಟವರೂ ಫ್ರಾಯ್ಡ್ ಅವರೇ. ಬಂದವರ ಕಥೆ ಕೇಳುವವನ ಒಳಗಿನ ಗಾಯಕ್ಕೆ ತಾಗುತ್ತದೆ, ಆ ಗಾಯ ಮಾತನಾಡಲು ಶುರುಮಾಡುತ್ತದೆ, ಎದುರಿಗಿರುವವರು ಅದನ್ನು ಸಲಹೆಯೆಂದೇ ತಿಳಿಯುತ್ತಾರೆ. ಇದು ಎಲ್ಲರಿಗೂ ಆಗುವಂಥದ್ದು, ನನಗೂ ಆಗಿದೆ. ನನ್ನ ತಂದೆಯವರು ತೀರಿಕೊಂಡ ವರ್ಷ, ವಯಸ್ಸಾದ ತಂದೆಯನ್ನು ಆಶ್ರಮಕ್ಕೆ ಸೇರಿಸಬೇಕೆಂದು ಬಂದ ಒಬ್ಬ ಮಗನನ್ನು ನಾನು ಎಷ್ಟು ಕಠಿಣವಾಗಿ ಪ್ರಶ್ನಿಸಿದೆನೆಂದರೆ, ಆತ ಮತ್ತೆ ಬರಲೇ ಇಲ್ಲ. ನೀವು ಒಂದು ವಾರದೊಳಗೆ ಗುರುತಿಸಿದಿರಿ, ನಾನು ಗುರುತಿಸಲು ಎರಡು ವರ್ಷ ಬೇಕಾಯಿತು.

ಆದರೂ ಆಕೆಯನ್ನು ನೀವು ಮುಂದುವರಿಸಬಾರದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಕಳಿಸಿಕೊಡುವ ಮೊದಲು ಒಂದು ಋಣ ತೀರಿಸಬೇಕು. ಮುಂದಿನ ಸಲ ಬಂದಾಗ, "ಕಾಗದದ ವಿಷಯ ತೆಗೆದಾಗ ನಾನು ಆಡಿದ ಮಾತು ಸರಿಯಿರಲಿಲ್ಲ, ಅದು ನಿಮ್ಮ ಸಂಗತಿಯಿಂದ ಹುಟ್ಟಿದ ಮಾತಲ್ಲ, ನೀವು ಬರೆಯಬೇಕೆಂದಿದ್ದರೆ ಆ ಕಾಗದದ ಬಗ್ಗೆ ಇಂದು ಮಾತಾಡೋಣ" ಎಂದು ಹೇಳಿರಿ. ನಿಮ್ಮ ಸಂಸಾರದ ಸುದ್ದಿಯನ್ನು ಒಂದಕ್ಷರವೂ ಹೇಳಬೇಡಿ, ಹೇಳಿದರೆ ಅಂದಿನಿಂದ ಆಕೆಯೇ ನಿಮ್ಮನ್ನು ಸಂತೈಸಬೇಕಾಗುತ್ತದೆ. ಅದರ ಮುಂದಿನ ಸಲ ಇನ್ನೊಬ್ಬರ ಹೆಸರು ಕೊಡಿ. ಕಡತ ದಾಟಿಸುವ ಮೊದಲು ಆಕೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಗೋಪ್ಯತೆ ಬಂದವರ ಹಕ್ಕು.

ಕೆಲಸ ಪೂರ್ತಿ ನಿಲ್ಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ದಾಂಪತ್ಯದ ಹೊಸ ಕೇಸುಗಳನ್ನು ಮೂರು ತಿಂಗಳು ತೆಗೆದುಕೊಳ್ಳಬೇಡಿ. ಪರೀಕ್ಷೆಯ ಭಯ, ನಿದ್ರೆ ಬಾರದವರು, ಹೆದರಿಕೆಯವರು ಬರಲಿ, ದಿನಕ್ಕೆ ನಾಲ್ವರಿಗಿಂತ ಹೆಚ್ಚು ಬೇಡ.

ಯಾರ ಮುಂದೆ ಹೋಗಿ ಕೂರಬೇಕು ಎಂದು ಕೇಳಿದ್ದೀರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ವಿಷಯ ನೀವು ಓದಿರಬಹುದು. 1940ರ ದಶಕದ ಕೊನೆಯಲ್ಲಿ ಷಿಕಾಗೋದಲ್ಲಿ, ತೀವ್ರವಾಗಿ ನೊಂದಿದ್ದ ಒಬ್ಬ ಹೆಂಗಸಿನ ಜೊತೆ ಕೆಲಸ ಮಾಡುತ್ತ ಮಾಡುತ್ತ, ಆಕೆಯ ಮನಸ್ಸು ಎಲ್ಲಿ ಮುಗಿಯಿತು ತಮ್ಮದು ಎಲ್ಲಿ ಶುರುವಾಯಿತು ಎಂಬುದೇ ತಿಳಿಯದ ಸ್ಥಿತಿಗೆ ಬಂದರು. ಆಕೆಯನ್ನು ಸಹೋದ್ಯೋಗಿ ವೈದ್ಯರಿಗೆ ಒಪ್ಪಿಸಿ, ಹೆಂಡತಿಯೊಂದಿಗೆ ಊರನ್ನೇ ಬಿಟ್ಟು ಎರಡು-ಮೂರು ತಿಂಗಳು ಹೋದರು. ಮರಳಿ ಬಂದು ಚಿಕಿತ್ಸೆ ಪಡೆದದ್ದು ತಮ್ಮ ಕೈಕೆಳಗೆ ತಯಾರಾದ ಒಬ್ಬ ಕಿರಿಯ ಸಹೋದ್ಯೋಗಿಯಿಂದ. ಅಷ್ಟು ದೊಡ್ಡ ಮನುಷ್ಯ ಕಿರಿಯನ ಮುಂದೆ ಕುಳಿತರು ಎಂಬುದು ನನ್ನನ್ನು ಇಂದಿಗೂ ತಟ್ಟುತ್ತದೆ. ಆದರೆ ನೀವು ಪರಿಚಯದವರ ಹತ್ತಿರ ಹೋಗಬೇಕಿಲ್ಲ. ಮೈಸೂರಿನವರೋ ಬೆಂಗಳೂರಿನವರೋ ವಿಡಿಯೋ ಕರೆಯಲ್ಲಿ ಸಿಗುತ್ತಾರೆ. ಕೇಸುಗಳ ಸೂಪರ್‌ವಿಷನ್‌ಗೆ, ಅಂದರೆ ನಿಮ್ಮ ಕೆಲಸವನ್ನು ಇನ್ನೊಬ್ಬರೊಂದಿಗೆ ಪರಿಶೀಲಿಸುವುದಕ್ಕೆ, ಒಬ್ಬರು, ನಿಮ್ಮ ಸ್ವಂತ ದುಃಖಕ್ಕೆ ಇನ್ನೊಬ್ಬರು ಇರಲಿ. ಎರಡನ್ನೂ ಒಬ್ಬರ ಹತ್ತಿರವೇ ತೆಗೆದುಕೊಂಡು ಹೋದರೆ, ನೀವು ಕೇಸಿನ ನೆವದಲ್ಲಿ ನಿಮ್ಮ ಮಾತನ್ನು ತಪ್ಪಿಸುತ್ತೀರಿ. ನಾನು ಹಾಗೆ ಮಾಡಿದವನು.

ಉತ್ತರ: ಗದಗದ ಕಿವಿ-ಮೂಗು-ಗಂಟಲು ವೈದ್ಯೆ

ಚೀಲದಲ್ಲಿರುವ ಚೀಟಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಒಂದೇ ಕಿವಿ ಹೀಗೆ ಹಠಾತ್ತಾಗಿ ಹೋದಾಗ ಹೆಚ್ಚಿನವರಲ್ಲಿ ಕಾರಣ ಪತ್ತೆಯಾಗುವುದಿಲ್ಲ. ಆದರೆ ಕೆಲವೇ ಕೆಲವರಲ್ಲಿ ಶ್ರವಣದ ನರದ ಮೇಲೆ ಬೆಳೆದ, ಕ್ಯಾನ್ಸರ್ ಅಲ್ಲದ ಗಡ್ಡೆ ಕಾರಣವಾಗಿರುತ್ತದೆ, ಅದಿಲ್ಲವೆಂದು ಖಚಿತಪಡಿಸಿಕೊಳ್ಳಲೆಂದೇ ಎಂ.ಆರ್.ಐ. ಬರೆದುಕೊಡುತ್ತೇವೆ. ಇದನ್ನು ಮುಂದಕ್ಕೆ ಹಾಕಬೇಡಿ. ಜೊತೆಗೆ ಆಡಿಯೋಗ್ರಾಮ್ ಮತ್ತೆ ಆಗಬೇಕು.

ಹೋದ ಕೇಳುವಿಕೆ ಪೂರ್ತಿ ಬರುತ್ತದೆ ಎಂಬ ಸುಳ್ಳು ಭರವಸೆಯನ್ನು ನಾನು ಕೊಡಲಾರೆ. ಉಳಿದಿರುವ ಕೇಳುವಿಕೆಗೆ ಸಾಮಾನ್ಯ ಶ್ರವಣ ಯಂತ್ರ ಸಾಕಾಗಬಹುದು. ಅದು ಸಾಲದಿದ್ದರೆ ಕ್ರಾಸ್ ಎಂಬ ಬಗೆಯ ಯಂತ್ರವಿದೆ, ಕೇಳದ ಕಿವಿಯ ಕಡೆಯಿಂದ ಬಂದ ಶಬ್ದವನ್ನು ಅದು ಒಳ್ಳೆಯ ಕಿವಿಗೆ ಮುಟ್ಟಿಸುತ್ತದೆ. ನಿಮ್ಮ ಕೋಣೆಯಲ್ಲಿ ತಲೆಯ ಮೇಲಿನ ಫ್ಯಾನಿನ ಸದ್ದು ಕಡಿಮೆ ಮಾಡಿ, ದಪ್ಪ ಪರದೆ ಹಾಕಿ, ಬಂದವರ ಮುಖದ ಮೇಲೆ ಬೆಳಕು ಬೀಳುವಂತೆ ಕುಳ್ಳಿರಿಸಿ. ತುಟಿ ಕಂಡರೆ ಮಾತು ಅರ್ಧ ಕೇಳಿಸಿದಂತೆಯೇ.

ಓದುತ್ತಿರುವ ಇತರರಿಗೆ: ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ. ಸ್ಟೀರಾಯ್ಡ್ ಚಿಕಿತ್ಸೆಯ ಪ್ರಯೋಜನ ಮೊದಲ ಎರಡು ವಾರಗಳಲ್ಲಿಯೇ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಉತ್ತರ: ಹಾವೇರಿ ಕಡೆಯ ಒಬ್ಬ ರೈತ

ಅಕ್ಕಾರೆ, ನಾನು ನಿಮ್ಮಂಥವರ ಎದುರು ಕುಳಿತು ಬಂದವನು. ತಮ್ಮ ತೀರಿಕೊಂಡ ಮೇಲೆ ನನಗೆ ಹೊಲಕ್ಕೆ ಹೋಗಲು ಮನಸ್ಸಾಗುತ್ತಿರಲಿಲ್ಲ, ಮೆಣಸಿನಕಾಯಿ ಗಿಡದಲ್ಲಿಯೇ ಒಣಗುತ್ತಿದ್ದರೂ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಮನೆಯವರ ಒತ್ತಾಯಕ್ಕೆ ನಗರದ ಒಬ್ಬ ಸಮಾಲೋಚಕರ ಹತ್ತಿರ ನಾಲ್ಕು ಸಲ ಹೋದೆ. ತಮ್ಮನ ಜೊತೆ ಕೊನೆಯ ದಿನ ನಾನು ಆಡಿದ್ದ ಜಗಳದ ಮಾತನ್ನು ನಾಲ್ಕನೆಯ ಸಲ ಅವರ ಮುಂದೆ ಹೇಳಿದೆ. ಹೆಂಡತಿಗೂ ಹೇಳಿರದ ಮಾತು ಅದು. ಐದನೆಯ ಸಲ ಹೋದಾಗ ಕೋಣೆಗೆ ಬೀಗವಿತ್ತು, ಫೋನ್ ಹತ್ತಲಿಲ್ಲ. ಅವರಿಗೆ ಕಾಯಿಲೆಯಾಗಿತ್ತು ಎಂದು ತಿಳಿದದ್ದು ಎಂಟು ತಿಂಗಳ ಮೇಲೆ. ಅಷ್ಟು ದಿನವೂ, ನನ್ನ ಮಾತು ಕೇಳಿ ಅವರಿಗೆ ನನ್ನ ಮೇಲೆ ಹೇಸಿಕೆ ಬಂದಿರಬೇಕು ಎಂದೇ ನಾನು ತಿಳಿದಿದ್ದೆ.

ಆ ದಿನಗಳಲ್ಲಿ ಒಂದು ರಾತ್ರಿ 14416ಕ್ಕೆ ಕರೆ ಮಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಅದು, 2022ರಲ್ಲಿ ಶುರುವಾದದ್ದು, ರಾತ್ರಿಯೂ ಇರುತ್ತದೆ. ಕನ್ನಡದಲ್ಲಿಯೇ ಮಾತನಾಡಿದರು.

ಹಿರಿಯರ ಮಾತಿಗೆ ನನ್ನದೊಂದು ತಕರಾರಿದೆ. ಆ ತಾಯಿಯನ್ನು ಎರಡೇ ಸಲದಲ್ಲಿ ಇನ್ನೊಬ್ಬರಿಗೆ ಒಪ್ಪಿಸಿದರೆ, ಗಂಡನೂ ಬಿಟ್ಟ, ಇವರೂ ಬಿಟ್ಟರು ಎಂದು ಆಕೆಗೆ ಅನ್ನಿಸಲಾರದೆ? ಇನ್ನೂ ಒಂದೆರಡು ವಾರ ತೆಗೆದುಕೊಳ್ಳಿ, ಹೊಸಬರನ್ನು ನೀವೇ ಪರಿಚಯ ಮಾಡಿಕೊಡಿ. ಕಿವಿಯ ವಿಷಯವನ್ನಂತೂ ಎಲ್ಲರಿಗೂ ಹೇಳಿಬಿಡಿ. ನಾವು ಹೊಲದಲ್ಲಿ ಒದರಿ ಮಾತನಾಡುವವರು, ಗಟ್ಟಿಯಾಗಿ ಹೇಳಿ ಅಂದರೆ ಹೇಳುತ್ತೇವೆ. ನೀವು ಕೇಳಿಸಿಕೊಳ್ಳದೆ ತಲೆಯಾಡಿಸಿದಿರಿ ಎಂದು ಮುಂದೆ ಗೊತ್ತಾದರೆ ಮಾತ್ರ ಬಹಳ ನೋವಾಗುತ್ತದೆ.

ಹುಬ್ಬಳ್ಳಿಯ ಹಿರಿಯ: ಈ ಸಹೋದರರ ಮಾತು ಸರಿ. ಎರಡು ಸಲ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ನಾಲ್ಕು ವಾರ ಇರಲಿ, ಕೊನೆಯ ಸಲ ಹೊಸಬರೂ ಕೋಣೆಯಲ್ಲಿರಲಿ.

ಉತ್ತರ: ಮತ್ತೊಬ್ಬ ಸಮಾಲೋಚಕಿಯ ಗಂಡ, ಧಾರವಾಡದ ಮಾಳಮಡ್ಡಿ

ನಾನು ಈ ವಿದ್ಯೆ ಓದಿದವನಲ್ಲ. ನನ್ನ ಹೆಂಡತಿಯದು ನಿಮ್ಮದೇ ಕೆಲಸ. "ನಿಮಗೆ ಹೀಗೆ ಯಾವಾಗಿನಿಂದ ಅನ್ನಿಸುತ್ತಿದೆ" ಎಂಬ ಸಾಲನ್ನು ಓದಿದಾಗ ನನ್ನ ಮೈ ಜುಂ ಎಂದಿತು. ನಮ್ಮ ಮನೆಯಲ್ಲಿಯೂ ಆ ಮಾತು ಇತ್ತು. ಅದನ್ನು ಕೇಳಿದಾಗ ನನಗೆ ಹೆಂಡತಿ ಎದ್ದುಹೋಗಿ ಅವಳ ಕುರ್ಚಿಯಲ್ಲಿ ಬೇರೆ ಯಾರೋ ಬಂದು ಕುಳಿತಂತಾಗುತ್ತಿತ್ತು. ನಾನು ಅದಕ್ಕೆ ಸುಮ್ಮನಿದ್ದವನಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನೆಂಟರ ಎದುರಿಗೇ ಅಂದಿದ್ದೇನೆ. ಅವಳ ಓದನ್ನೇ ಅವಳ ಮೇಲೆ ಆಯುಧ ಮಾಡಿದೆ. ಅವಳಿಗೆ ಸಿಟ್ಟು ಬಂದರೆ, ನೀನು ಸಮಾಲೋಚಕಿ, ನಿನಗೆ ಸಿಟ್ಟು ಬರಬಾರದು ಎನ್ನುತ್ತಿದ್ದೆ. ನಿಮ್ಮ ಯಜಮಾನರೂ ಹೀಗೆ ಅಂದಿದ್ದರೆ ಅದರ ನೋವನ್ನು ನೀವು ನುಂಗಬೇಡಿ, ಅವರಿಗೆ ಹೇಳಿ.

ನಮಗೆ ಸಹಾಯವಾದದ್ದು ದೊಡ್ಡ ಉಪಾಯವೇನಲ್ಲ. ಆಕೆ ಕೆಲಸ ಮುಗಿಸಿ ನೇರವಾಗಿ ಮನೆಗೆ ಬರುವುದನ್ನು ಬಿಟ್ಟು, ಸಾಧನಕೇರಿಯ ಕಡೆ ಅರ್ಧ ತಾಸು ಒಬ್ಬಳೇ ನಡೆದು ಬರತೊಡಗಿದಳು. ಗುರುವಾರ ಸಂಜೆ ಯಾರಿಗೂ ಹೊತ್ತು ಕೊಡುವುದಿಲ್ಲ. ಮೊದಲ ಆರು ತಿಂಗಳು ಆ ಗುರುವಾರಗಳಲ್ಲಿ ನಮಗೆ ಮಾತನಾಡಲು ಏನೂ ಸಿಗುತ್ತಿರಲಿಲ್ಲ, ಅವರೆಕಾಯಿ ಸುಲಿಯುತ್ತ ಕುಳಿತಿರುತ್ತಿದ್ದೆವು. ನಾನು ಆ ದಿನಗಳನ್ನು ಬಹಳ ಪ್ರೀತಿಯಿಂದ ನೆನೆಯುತ್ತೇನೆ.

ಒಂದು ಪ್ರಶ್ನೆ, ಬೇಸರಿಸಬೇಡಿ. ಕಿವಿ ಹೋದ ಸಂಗತಿ ನಿಮ್ಮ ಯಜಮಾನರಿಗೆ ಗೊತ್ತಿದೆಯೇ?

ಧಾರವಾಡದ ಸಮಾಲೋಚಕಿ:

ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಫೋನನ್ನು ಅಭ್ಯಾಸಬಲದಿಂದ ಎಡಗಿವಿಗೇ ಹಿಡಿದಿದ್ದೆ ಎಂದು ಆಮೇಲೆ ಗೊತ್ತಾಯಿತು. ಬಲಕ್ಕೆ ಹಿಡಿದಾಗ, ಎಂ.ಆರ್.ಐ.ಗೆ ಯಾವ ದಿನ ಹೋಗಬೇಕು ಎಂದು ಅವರು ಎರಡನೆಯ ಸಲವೋ ಮೂರನೆಯ ಸಲವೋ ಕೇಳುತ್ತಿದ್ದರು. ಶನಿವಾರ ಎಂದಿದ್ದೇನೆ. ಅವರು ಬರುತ್ತಾರೆ. ಮನೆಗೆ ಮರಳುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೈಸೂರಿನ ಒಬ್ಬರಿಗೆ ಬರೆದಿದ್ದೇನೆ, ಉತ್ತರ ಬರಬೇಕು. ಸೋಮವಾರ ನಾಲ್ಕು ಗಂಟೆಗೆ ಆ ಹೆಣ್ಣುಮಗಳು ಬರುತ್ತಾರೆ. ಮೊದಲು ಕುರ್ಚಿ ಯಾಕೆ ಬಲಕ್ಕೆ ಬಂದಿದೆ ಎಂಬುದನ್ನು ಹೇಳುತ್ತೇನೆ, ಆಮೇಲೆ ಕಾಗದದ ವಿಷಯ.