ಭತ್ತದ ದುಡ್ಡು ಕೈಗೆ ಬಂದಿದೆ: ಮನೆ ಸಾಲಕ್ಕೆ ಕಟ್ಟಲೇ, ಕೂಡಿಡಲೇ?

ಪ್ರಶ್ನೆ (ಸಿಂಧನೂರಿನಿಂದ):
ಸರ್, ನಮಸ್ಕಾರ. ನಾನು ಪ್ರೌಢಶಾಲೆ ಶಿಕ್ಷಕ. ತಂದೆಯವರು ಐದು ಎಕರೆಯಲ್ಲಿ ಭತ್ತ ಬೆಳೆಯುತ್ತಾರೆ. ಈ ಸಲ ಭತ್ತ ಮಾರಿದ್ದು, ನನ್ನ ಉಳಿತಾಯ ಎಲ್ಲ ಸೇರಿ ಕೈಯಲ್ಲಿ 4 ಲಕ್ಷ ರೂಪಾಯಿ ಇದೆ. ಬ್ಯಾಂಕಿನ ಮನೆ ಸಾಲ 9 ಲಕ್ಷ ಬಾಕಿ. ಶೇ 9 ಬಡ್ಡಿ, ಇನ್ನೂ 12 ವರ್ಷ, ತಿಂಗಳ ಕಂತು ₹10,242. ತಂದೆಯವರ ಹೆಸರಿನಲ್ಲಿ ಸೊಸೈಟಿಯ ಬೆಳೆ ಸಾಲ 1 ಲಕ್ಷ ಇದೆ, ಮಾರ್ಚ್‌ನಲ್ಲಿ ವಾಯಿದೆ. ‘ನಾಲ್ಕೂ ಲಕ್ಷ ಮನೆ ಸಾಲಕ್ಕೆ ಕಟ್ಟು, ತಲೆ ಮೇಲಿನ ಭಾರ ಇಳಿಯಲಿ’ ಎಂಬುದು ತಂದೆಯವರ ಹಟ. ಪರಿಚಯದ ಪತ್ತಿನ ಸಹಕಾರ ಸಂಘದಲ್ಲಿ ಠೇವಣಿ ಇಟ್ಟರೆ ಶೇ 10 ಬಡ್ಡಿ ಕೊಡುತ್ತಾರೆ ಎನ್ನುತ್ತಾರೆ ನಮ್ಮ ಭಾವ. ಏನು ಮಾಡಲಿ?

ಉತ್ತರ (ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು, ರಾಯಚೂರು):
ಮಾಸ್ತರರೇ, ಮೊದಲು ನನ್ನದೇ ಒಂದು ಪ್ರಶ್ನೆ. ಐದು ಎಕರೆಯ ಗೊಬ್ಬರ, ಔಷಧಿ, ನಾಟಿ ಕೂಲಿ ಎಲ್ಲವೂ ಸೊಸೈಟಿಯ ಒಂದು ಲಕ್ಷದಲ್ಲಿ ಮುಗಿಯುವ ಮಾತಲ್ಲ. ಉಳಿದದ್ದು ಎಲ್ಲಿಂದ ಬಂತು?

ಪ್ರಶ್ನಿಸಿದವರು:
ದಲಾಲಿ ಅಂಗಡಿಯಿಂದ, ಸರ್. ಬರೆಯುವುದು ಮರೆತೆ. ಹೋದ ವರ್ಷದ್ದೂ ಸೇರಿ 1.20 ಲಕ್ಷ ಬಾಕಿ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಸಾಹುಕಾರರು ಹಳೆಯ ಪರಿಚಯದವರು. ‘ಅವಸರವಿಲ್ಲ, ಮುಂದಿನ ಬೆಳೆಗೆ ನೋಡೋಣ’ ಎಂದಿದ್ದಾರೆ.

ಉತ್ತರ:
ಅವಸರವಿಲ್ಲ ಎಂದು ಸಾಲ ಕೊಟ್ಟವನೇ ಹೇಳಿದರೆ ನಾವು ಅವಸರ ಮಾಡಬೇಕು. ನೂರಕ್ಕೆ ಎರಡು ಎನ್ನುವುದು ತಿಂಗಳ ಲೆಕ್ಕ. ವರ್ಷಕ್ಕೆ ಶೇ 24. ನಿಮ್ಮ 1.20 ಲಕ್ಷಕ್ಕೆ ವರ್ಷದ ಬಡ್ಡಿ ₹28,800. ಅಷ್ಟೇ ಹಣಕ್ಕೆ ಬ್ಯಾಂಕಿನ ಮನೆ ಸಾಲದಲ್ಲಿ ₹10,800. ಮೊದಲು ಅಂಗಡಿಯ ಸಾಲ ತೀರಿಸಿ. ಇದರಲ್ಲಿ ಯೋಚಿಸುವುದೇನೂ ಇಲ್ಲ.

ಸೊಸೈಟಿ ಸಾಲದ ದಾರಿಯೇ ಬೇರೆ. ಸಕಾಲಕ್ಕೆ ಕಟ್ಟಿದರೆ ಅದಕ್ಕೆ ಸೊನ್ನೆ ಬಡ್ಡಿ. ವಾಯಿದೆಗೆ ಮೊದಲೇ ಕಟ್ಟಿ ನಿಮಗೆ ಬರುವ ಲಾಭವೂ ಸೊನ್ನೆ. ಆದರೆ ವಾಯಿದೆ ಮೀರಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಆ 1 ಲಕ್ಷವನ್ನು ಮಾರ್ಚ್‌ವರೆಗೆ ಬ್ಯಾಂಕಿನಲ್ಲೇ ಬಿಡಿ, ಕೊನೆಯ ದಿನಕ್ಕೆ ಕಾಯದೆ ಒಂದು ವಾರ ಮುಂಚೆ ಕಟ್ಟಿ, ಮುಂಗಾರಿಗೆ ಮತ್ತೆ ಸಾಲ ಪಡೆಯಿರಿ.

ಉಳಿಯುವುದು 1.80 ಲಕ್ಷ. ತಂದೆಯವರ ಕಣ್ಣಿರುವುದು ಇದರ ಮೇಲೆಯೇ. ಅವರ ಆಸೆಯಲ್ಲಿ ತಪ್ಪಿಲ್ಲ: ನಾಲ್ಕೂ ಲಕ್ಷ ಕಟ್ಟಿ ಕಂತು ಹಾಗೆಯೇ ಮುಂದುವರಿಸಿದರೆ 12 ವರ್ಷದ ಸಾಲ ಸುಮಾರು 5 ವರ್ಷಕ್ಕೆ ಮುಗಿಯುತ್ತದೆ. ಆದರೆ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟಾಗ ಗೊಬ್ಬರಕ್ಕೆ ದುಡ್ಡೆಲ್ಲಿ? ಮತ್ತೆ ಅದೇ ಅಂಗಡಿಯ ಕಟ್ಟೆ. ಶೇ 9ರ ಸಾಲ ಇಳಿಸಲು ಹೋಗಿ ಶೇ 24ರ ಸಾಲ ಎತ್ತಿದಂತಾಯಿತು. ನನ್ನ ಸೇವೆಯ ಕಾಲದಲ್ಲಿ ಮನೆ ಸಾಲಕ್ಕೆ ಗಂಟು ಕಟ್ಟಿ ಖುಷಿಯಿಂದ ಹೋದವರು ಆರು ತಿಂಗಳಿಗೆ ಹೆಂಡತಿಯ ಸರ ಹಿಡಿದು ಬಂದದ್ದನ್ನು ನೋಡಿದ್ದೇನೆ.

ನಮ್ಮ ಭಾಗದಲ್ಲಿ ನೀರಿನ ಭರವಸೆಯೂ ಅಷ್ಟಕ್ಕಷ್ಟೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ ಎಂಬುದು ನಿಮಗೇ ಗೊತ್ತು. ಒಂದು ಬೆಳೆಯ ಖರ್ಚು ಕೈಯಲ್ಲಿರಲಿ.

ಕಾರಟಗಿಯ ರೈತರೊಬ್ಬರು:
ಅಂಗಡಿ ಸಾಲದಲ್ಲಿ ಬಡ್ಡಿಯೊಂದನ್ನೇ ನೋಡಬೇಡಿ. ಸಾಲ ಇದ್ದರೆ ಭತ್ತವನ್ನು ಅವರ ಅಂಗಡಿಗೇ ಹಾಕಬೇಕು. 75 ಕೆ.ಜಿ. ಚೀಲಕ್ಕೆ ಐವತ್ತು ರೂಪಾಯಿ ಕಡಿಮೆ ಹಿಡಿದರೂ 200 ಚೀಲಕ್ಕೆ ಹತ್ತು ಸಾವಿರ ಹೋಯಿತು. ‘ತೇವ ಇದೆ’ ಎಂದರೆ ಬಾಯಿ ಮುಚ್ಚಿಕೊಳ್ಳಬೇಕು. ಸಾಲ ತೀರಿಸಿದ ವರ್ಷವೇ ನಾನು ಮೂರು ಕಡೆ ದರ ಕೇಳಿ ಮಾರಿದ್ದು.

ಉತ್ತರ:
ಇದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಹಾಗಾದರೆ ಆ ಸಾಲ ಶೇ 24ಕ್ಕಿಂತಲೂ ದುಬಾರಿ.

ಪ್ರಶ್ನಿಸಿದವರು:
ಭಾವನವರ ಶೇ 10? ಮನೆ ಸಾಲ ಇಟ್ಟುಕೊಂಡರೆ ತೆರಿಗೆ ಉಳಿಯುತ್ತದೆ ಎಂದೂ ಸಹೋದ್ಯೋಗಿಗಳು ಹೇಳುತ್ತಾರೆ.

ಉತ್ತರ:
ಬ್ಯಾಂಕ್ ಠೇವಣಿಗೆ, ಅಂದರೆ ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಹೆಸರು ಕೇಳಲು ಒಂದೇ ತರಹ ಇರುವುದರಿಂದ ಎಷ್ಟೋ ಜನ ಮೋಸಹೋಗುತ್ತಾರೆ. ಭಾವನವರಿಗೆ ಬೇಸರವಾಗದಂತೆ ಹೇಳಿ, ಬಿತ್ತನೆಯ ದುಡ್ಡು ಮಾತ್ರ ಅಲ್ಲಿಗೆ ಬೇಡ.

ತೆರಿಗೆಯ ಮಾತಿಗೆ ಬಂದರೆ, ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಇದೆ. ಇದ್ದರೂ ಕಟ್ಟಿದ ಬಡ್ಡಿಯ ಒಂದು ಪಾಲು ಮಾತ್ರ ಉಳಿಯುತ್ತದೆ.

ಮುಂದಿನ ಬೆಳೆ ಕೈಗೆ ಬಂದ ಮೇಲೆ 1 ಲಕ್ಷ ಹೆಚ್ಚಾದರೆ ಧಾರಾಳವಾಗಿ ಮನೆ ಸಾಲಕ್ಕೆ ಕಟ್ಟಿ. ಬಾಕಿ 9 ಲಕ್ಷ ಎಂದೇ ಹಿಡಿದರೂ ಸುಮಾರು 26 ಕಂತು ಕಡಿಮೆಯಾಗುತ್ತವೆ. ಬದಲಾಗುವ ಬಡ್ಡಿದರದ ಮನೆ ಸಾಲಕ್ಕೆ ಮುಂಗಡ ಪಾವತಿಯ ಶುಲ್ಕ ಹಾಕುವಂತಿಲ್ಲ. ‘ಕಂತು ಇಳಿಸಬೇಡಿ, ಅವಧಿ ಇಳಿಸಿ’ ಎಂದು ಬರೆದು ಕೊಡಿ.

ಇನ್ನೊಂದು. ಅಂಗಡಿಯಲ್ಲಿ ಹಣ ಕೊಟ್ಟಾಗ ಖಾತೆ ಪುಸ್ತಕದ ಪುಟ ತೆಗೆಸಿ ‘ಚುಕ್ತಾ’ ಎಂದು ಬರೆಸಿ, ಸಹಿ ಮಾಡಿಸಿ, ಫೋಟೊ ತೆಗೆದುಕೊಳ್ಳಿ. ಖಾಲಿ ಚೆಕ್ ಏನಾದರೂ ಕೊಟ್ಟಿದ್ದೀರಾ?

ಪ್ರಶ್ನಿಸಿದವರು:
ತಂದೆಯವರನ್ನು ಕೇಳಿದೆ. ಎರಡು ಕೊಟ್ಟಿದ್ದಾರಂತೆ, ಸರ್. ನಾಲ್ಕು ವರ್ಷದ ಹಿಂದೆ! ನಾಳೆ ಅವರನ್ನೂ ಕರೆದುಕೊಂಡು ಹೋಗುತ್ತೇನೆ.