ಬ್ಯಾಚ್ ಗುಂಪಿನಲ್ಲಿ ಝೆರ್ಮಾಟ್ ಫಾರ್ವರ್ಡ್

ಸುಧೀರ್: (ಫಾರ್ವರ್ಡ್) "ಸ್ಕೀಯಿಂಗ್‌ಗಾಗಿಯೇ ಹುಟ್ಟಿದ ಊರು ಸ್ವಿಟ್ಜರ್‌ಲೆಂಡ್‌ನ ಝೆರ್ಮಾಟ್! ಕಾರಿನಲ್ಲಿ ಹೋಟೆಲ್ ಬಾಗಿಲಿಗೇ ಹೋಗಿ ಇಳಿಯಿರಿ. ಮೊದಲ ದಿನವೇ ಕೇಬಲ್ ಕಾರಿನಲ್ಲಿ ಕ್ಲೈನ್ ಮ್ಯಾಟರ್‌ಹಾರ್ನ್ ಶಿಖರ ಹತ್ತಿ!"

ಮಂಜುಳಾ: ಮೂರೂ ತಪ್ಪು ಕಣೋ. ಊರಿಗೆ ಹೆಸರು ಬಂದಿದ್ದು ಬೇಸಿಗೆಯ ಪರ್ವತಾರೋಹಣದಿಂದ. 1850ರ ದಶಕದಲ್ಲೇ ಅಲೆಕ್ಸಾಂಡರ್ ಸೈಲರ್ ಅಲ್ಲಿ ಮಾಂಟೆ ರೋಸಾ ಹೋಟೆಲ್ ನಡೆಸ್ತಿದ್ದರು. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಏರಿತು. ಇಳಿಯುವಾಗ ತಂಡದ ಹ್ಯಾಡೊ ಎಂಬಾತನ ಕಾಲು ಜಾರಿ, ಹಗ್ಗ ತುಂಡಾಗಿ, ಏಳು ಜನರಲ್ಲಿ ನಾಲ್ವರು ಸತ್ತರು. ಆ ಹಗ್ಗದ ತುಂಡು ಈಗಲೂ ಅಲ್ಲಿನ ಮ್ಯೂಸಿಯಂನಲ್ಲಿದೆ. ಊರು ಮನೆಮಾತಾಗಿದ್ದೇ ಆ ಸುದ್ದಿಯಿಂದ.

ರಾಘು: ಹೆಸರು ತಂದಿರಬಹುದು, ಊರನ್ನ ಬೆಳೆಸಿದ್ದು ರೈಲು. 1891ರಲ್ಲಿ ಕೆಳಗಿನ ಕಣಿವೆಯ ವಿಸ್ಪ್ ಪಟ್ಟಣದಿಂದ ಮಾರ್ಗ ಬಂತು. 1898ರಲ್ಲಿ ಊರಿನ ಮೇಲಿರೋ ಗೋರ್ನರ್‌ಗ್ರಾಟ್ ಬೆಟ್ಟದೇಣಿಗೆ, ಅಂದ್ರೆ 3,089 ಮೀಟರ್‌ಗೆ, ವಿದ್ಯುತ್ ರೈಲು. ನಮ್ಮ ಊಟಿ ರೈಲಿನ ಹಾಗೇ ಹಳಿಗಳ ನಡುವೆ ಹಲ್ಲುಪಟ್ಟಿ. ಎಂಜಿನ್ನಿನ ಹಲ್ಲುಚಕ್ರ ಅದನ್ನ ಕಚ್ಚಿಕೊಂಡು ಹತ್ತುತ್ತೆ. ಹಗ್ಗ ಹಿಡಿಯದವರಿಗೂ ಹಿಮನದಿ ಕಣ್ಣೆದುರು ಸಿಕ್ಕಿದ್ದು ಆಮೇಲೆ.

ಮಂಜುಳಾ: ಆದರೆ 1920ರ ದಶಕದ ಕೊನೆಯವರೆಗೂ ಚಳಿಗಾಲದಲ್ಲಿ ಝೆರ್ಮಾಟ್‌ಗೆ ರೈಲೇ ಬರ್ತಿರಲಿಲ್ಲ. ಹಿಮದಲ್ಲಿ ಊರಿಗೇ ಬೀಗ. ಸ್ಕೀಯಿಂಗ್ ಸೀಸನ್ ಬೆಳೆದಿದ್ದು ಅದರ ನಂತರ. ನನ್ನ ವಾದ ಅಷ್ಟೇ.

ಶಶಿ: ಹೊರಡೋರಿಗೆ ಬೇಕಾದ್ದು ಹೇಳ್ತೀನಿ. ಖಾಸಗಿ ಕಾರಿಗೆ ಪಕ್ಕದ ಹಳ್ಳಿ ಟೆಶ್ ಕೊನೆ. ಅಲ್ಲಿ ನಿಲ್ಲಿಸಿ ಉಳಿದ 5 ಕಿ.ಮೀ. ಷಟಲ್ ರೈಲಿನಲ್ಲಿ, ಸುಮಾರು 12 ನಿಮಿಷ. ಊರೊಳಗೆ ಓಡೋದು ಪುಟ್ಟ ಬ್ಯಾಟರಿ ಗಾಡಿಗಳು. ಕ್ಲೈನ್ ಮ್ಯಾಟರ್‌ಹಾರ್ನ್ 3,883 ಮೀಟರ್, ಊರು ಸುಮಾರು 1,600. ಕೇಬಲ್ ಕಾರು ಒಂದು ಗಂಟೆಯೊಳಗೇ ಅಷ್ಟೆತ್ತರಕ್ಕೆ ಒಯ್ದುಬಿಡುತ್ತೆ, ದೇಹ ಹೊಂದಿಕೊಳ್ಳೋಕೆ ಸಮಯವೇ ಸಿಗಲ್ಲ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ತಲೆನೋವು, ವಾಕರಿಕೆ ಶುರುವಾಗೋದು ಅದಕ್ಕೇ. ಮೊದಲ ದಿನ ಊರಿನ ಮೇಲಿನ ಸುನ್ನೆಗ್ಗಾ (2,288 ಮೀ.), ಮರುದಿನ ಗೋರ್ನರ್‌ಗ್ರಾಟ್, ಆಮೇಲೆ ಕ್ಲೈನ್ ಮ್ಯಾಟರ್‌ಹಾರ್ನ್. ತಲೆ ಸುತ್ತಿದರೆ ಕೂತು ಕಾಯಬೇಡಿ, ಕೆಳಗಿಳಿಯಿರಿ.

ಸುಧೀರ್: ಸ್ಕೀ ಮಾಡ್ಕೊಂಡೇ ಇಟಲಿಯ ಚೆರ್ವಿನಿಯಾಕ್ಕೆ ಹೋಗಬಹುದಂತೆ, ಅದಾದರೂ ನಿಜವಾ?

ರಾಘು: ನಿಜ. ಆದರೆ ಝೆರ್ಮಾಟ್ ಸ್ಕೀ ಪಾಸ್ (ಲಿಫ್ಟ್ ಟಿಕೆಟ್) ಒಂದೇ ಸಾಲದು, ಎರಡೂ ಕಡೆ ನಡೆಯುವ ಅಂತರರಾಷ್ಟ್ರೀಯ ಪಾಸ್ ತಗೋಬೇಕು. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಗಾಳಿ ಜೋರಾದ್ರೆ ಮೇಲಿನ ಲಿಫ್ಟ್‌ಗಳನ್ನ ನಿಲ್ಲಿಸಿಬಿಡ್ತಾರೆ. ಇಟಲಿ ಕಡೆ ಸಿಕ್ಕಿಹಾಕಿಕೊಂಡರೆ ಬೆಟ್ಟಸಾಲನ್ನೇ ಸುತ್ತಿ ರಸ್ತೆಯಲ್ಲಿ ಬರಬೇಕು, ಗಂಟೆಗಟ್ಟಲೆ ಟ್ಯಾಕ್ಸಿ. ವಾಪಸ್ ಲಿಫ್ಟ್ ಎಷ್ಟು ಹೊತ್ತಿಗೆ ನಿಲ್ಲುತ್ತೆ ಅಂತ ಬೆಳಿಗ್ಗೆಯೇ ನೋಡ್ಕೊಂಡು, ಅದಕ್ಕಿಂತ ಒಂದೂವರೆ ಗಂಟೆ ಮೊದಲೇ ಹೊರಡಿ.