ಪಿ0420 ಕೋಡ್, ಕ್ಯಾಟ್ ಹೋಗೈತೆ ಅಂತಾರೆ, ವಾರಂಟಿ ಮುಗ್ದೈತೆ ಅಂತಾರೆ – ಏನ್ ಮಾಡ್ಬೇಕು?

ಪ್ರಶ್ನೆ (ದಾವಣಗೆರೆ)

ನಮಸ್ಕಾರ ಎಲ್ರಿಗೂ. ನಂದು ಬಿಎಸ್6 ಪೆಟ್ರೋಲ್ ಹ್ಯಾಚ್‌ಬ್ಯಾಕ್, ತಗೊಂಡು ಎರಡೂವರೆ ವರ್ಷ ಆಯ್ತು, ಓಡಿರೋದು 52 ಸಾವಿರ ಕಿಲೋಮೀಟರ್, ದಿನಾ ದಾವಣಗೆರೆ–ಚಿತ್ರದುರ್ಗ ಓಡಾಟ, ಅಂದ್ರೆ ಹೈವೇನೇ ಜಾಸ್ತಿ. ಈಗ ಚೆಕ್ ಇಂಜಿನ್ ಲೈಟ್ ಬಂದು ಹೋಗ್ತಾನೇ ಇಲ್ಲ, ಸ್ಕ್ಯಾನ್ ಮಾಡ್ಸಿದ್ರೆ ಪಿ0420. ಭರಮಸಾಗರ ದಾಟಿದ್ಮೇಲೆ ಲಾರಿ ಓವರ್‌ಟೇಕ್ ಮಾಡೋಕೆ ಅಂತ ಆಕ್ಸಿಲರೇಟರ್ ಒತ್ತಿದ್ರೆ ಮೊದ್ಲಿನ ಎಳೆತ ಇಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಕೊಳೆತ ಮೊಟ್ಟೆ ವಾಸನೆ ಬೇರೆ. ಸರ್ವಿಸ್ ಸೆಂಟರ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್, ಅಂದ್ರೆ ಹೊಗೆಯ ವಿಷ ಕಮ್ಮಿ ಮಾಡೋ ಡಬ್ಬ) ಹೋಗೈತೆ, ನಿಮ್ದು ಎರಡು ವರ್ಷದ ವಾರಂಟಿ ಮುಗ್ದೈತೆ, ಪೆಟ್ರೋಲ್ ಸರಿ ಇಲ್ದೆ ಹಿಂಗಾಗೈತೆ ಅಂದ್ರು. ಹೇಳಿದ ರೇಟ್ ಕೇಳಿ ತಲೆ ತಿರುಗ್ತು. ಯೂಟ್ಯೂಬ್‌ನಲ್ಲಿ ನೋಡಿದ್ರೆ ಕ್ಯಾಟ್‌ಗೆ 8 ವರ್ಷ ವಾರಂಟಿ ಅಂತಾರೆ, ಅದು ನಿಜಾನಾ? ಗೊತ್ತಿರೋರು ಹೇಳ್ರಿ ದಯವಿಟ್ಟು.

ಉತ್ತರ (ಚಿತ್ರದುರ್ಗ)

ಮೊದ್ಲು ಒಂದು ಮಾತು, ಆ ಕೋಡ್‌ನ ಯಾರ ಕೈಲೂ ಕ್ಲಿಯರ್ ಮಾಡಿಸ್ಬೇಡ್ರಿ. ಕೋಡ್ ಬಿದ್ದ ಗಳಿಗೇಲಿ ಸ್ಪೀಡ್ ಎಷ್ಟಿತ್ತು, ಲೋಡ್ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಅನ್ನೋದೆಲ್ಲ ಫ್ರೀಜ್ ಫ್ರೇಮ್ ಅಂತ ಇಸಿಯು (ಇಂಜಿನ್ ಕಂಪ್ಯೂಟರ್) ಒಳಗೆ ಕೂತಿರುತ್ತೆ, ಅಳಿಸಿದ್ರೆ ಅದೂ ಹೋಗುತ್ತೆ, ನಾಳೆ ವಾರಂಟಿಗೆ ವಾದ ಮಾಡೋಕೆ ನಿಮ್ ಕೈಲಿ ಏನೂ ಇರಲ್ಲ. ಈಗ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ರಿ.

ಪಿ0420 ಅಂದ್ರೆ ಕ್ಯಾಟ್ ಕೆಲಸ ಕಮ್ಮಿ ಆಗೈತೆ ಅಂತ ಇಸಿಯುಗೆ ಅನುಮಾನ ಬಂದೈತೆ ಅಷ್ಟೇ, ಕ್ಯಾಟ್ ಸತ್ತೈತೆ ಅಂತಲ್ಲ. ಕ್ಯಾಟ್‌ಗೆ ಮುಂಚೆ ಒಂದು ಆಕ್ಸಿಜನ್ ಸೆನ್ಸರ್, ಆದ್ಮೇಲೆ ಒಂದು ಇರುತ್ತೆ. ಬ್ಲೂಟೂತ್ ಒಬಿಡಿ ಡಾಂಗಲ್ (ಗಾಡಿಗೆ ಚುಚ್ಚಿ ಫೋನ್‌ನಲ್ಲಿ ರೀಡಿಂಗ್ ನೋಡೋ ಸಾಧನ) ಹಾಕಿ, ಗಾಡಿ ಪೂರ್ತಿ ಬಿಸಿ ಆದ್ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಎರಡರ ಗ್ರಾಫ್ ನೋಡ್ರಿ. ಮುಂದಿನದು 0.1 ರಿಂದ 0.9 ವೋಲ್ಟ್ ಮಧ್ಯೆ ಸರಸರ ಏರಿಳಿಬೇಕು, ಹಿಂದಿನದು 0.6–0.7 ಹತ್ರ ತಣ್ಣಗೆ ನಿಂತಿರಬೇಕು, ಯಾಕಂದ್ರೆ ಕ್ಯಾಟ್ ಆಕ್ಸಿಜನ್ ಹಿಡಿದಿಟ್ಟು ಬಿಡೋದ್ರಿಂದ ಏರಿಳಿತ ಆ ಕಡೆ ದಾಟಲ್ಲ. ಹಿಂದಿನದೂ ಮುಂದಿನದರ ಜೊತೆಗೇ ಕುಣೀತಿದ್ರೆ ಕ್ಯಾಟ್ ಮೇಲೆ ಅನುಮಾನ ಗಟ್ಟಿ. ಕೆಲವು ಹೊಸ ಗಾಡೀಲಿ ಮುಂದಿನದು ಏರ್-ಫ್ಯೂಯಲ್ ಸೆನ್ಸರ್, ಅದು ಹಂಗೆ ಏರಿಳಿಯಲ್ಲ, ಆಗ ಹಿಂದಿನದು ಒಂದನ್ನೇ ನೋಡ್ರಿ.

ಅದಕ್ಕೂ ಮುಂಚೆ ಸೈಲೆನ್ಸರ್ ಲೀಕ್ ನೋಡಿಸ್ರಿ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಹೊರಬರೋ ಪೈಪು) ಜಾಯಿಂಟ್ ಹತ್ರ ಚಟಚಟ ಸದ್ದು ಬರ್ತಾ, ಗ್ಯಾಸ್ಕೆಟ್ ಸುತ್ತ ಕರಿ ಮಸಿ ಕೂತೈತಾ ನೋಡ್ರಿ. ಅಲ್ಲಿಂದ ಹೊರಗಿನ ಗಾಳಿ ಎಳ್ಕೊಂಡ್ರೆ ಸೆನ್ಸರ್ ತಪ್ಪು ಓದುತ್ತೆ, ಇದೇ ಕೋಡ್ ಬೀಳುತ್ತೆ, ಗ್ಯಾಸ್ಕೆಟ್ ಬದಲಾಯಿಸಿದ್ರೆ ಮುಗೀತು, ಆದ್ರೆ ಜನ ಸಾವಿರಾರು ರೂಪಾಯಿ ಸುರಿದು ಕ್ಯಾಟ್ ಹಾಕಿಸ್ಕೊಂಡಿರ್ತಾರೆ, ನೋಡಿ ಹೊಟ್ಟೆ ಉರಿಯುತ್ತೆ.

ನಿಮ್ಗೆ ಎಳೆತ ಬೇರೆ ಕಮ್ಮಿ ಅಂತೀರ, ಅಂದ್ರೆ ಕ್ಯಾಟ್ ಒಳಗೆ ಕಟ್ಕೊಂಡಿರ್ಬೋದು. ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿದ್ರೆ ಐಡಲ್‌ನಲ್ಲಿ ಒಂದೂವರೆ ಪಿಎಸ್‌ಐ ಒಳಗೆ, 2500ಕ್ಕೆ 3 ಪಿಎಸ್‌ಐ ಒಳಗೆ ಇರ್ಬೇಕು, ಮೇಲೆ ಹೋದ್ರೆ ಬ್ಲಾಕ್. ಗಾಡಿ ತಣ್ಣಗಿದ್ದಾಗ ರಬ್ಬರ್ ಸುತ್ತಿಗೇಲಿ ಮೆಲ್ಲಗೆ ತಟ್ಟಿ, ಡಬ್ಬೀಲಿ ಮೆಕ್ಕೆಜೋಳ ಅಲ್ಲಾಡಿಸ್ದಂಗೆ ಸದ್ದು ಬಂದ್ರೆ ಒಳಗಿನ ಸೆರಾಮಿಕ್ ಜೇನುಗೂಡು ಒಡೆದೈತೆ. ಹೀಟ್ ಶೀಲ್ಡ್ ಲೂಸ್ ಆದ್ರೂ ಇದೇ ತರ ಸದ್ದು ಬರುತ್ತೆ, ಅದನ್ನ ಕೈಲಿ ಹಿಡ್ಕೊಂಡು ತಟ್ರಿ.

ಇನ್ನೊಂದು, ಈ ಲೈಟ್ ಬರೋಕೆ ಮುಂಚೆ ಯಾವಾಗಾದ್ರೂ ಚೆಕ್ ಇಂಜಿನ್ ಮಿಣುಕಿತ್ತಾ? ಗಾಡಿ ನಡುಗಿತ್ತಾ?

ಪ್ರಶ್ನೆ ಕೇಳಿದವರು

ಸಾರ್ ಹೌದು! ಹೋದ ವರ್ಷ ಹೆಬ್ಬಾಳು ಟೋಲ್ ಹತ್ರ ಗಾಡಿ ಫುಲ್ ನಡುಗಿ ಲೈಟ್ ಮಿಣುಕ್ತಾ ಇತ್ತು, ವಾರಂಟೀಲಿ ಒಂದು ಇಗ್ನಿಷನ್ ಕಾಯಿಲ್ ಬದಲಾಯಿಸಿ ಕೊಟ್ಟಿದ್ರು. ಈಗ ಗ್ರಾಫ್ ನೋಡ್ದೆ, ಹಿಂದಿನ ಸೆನ್ಸರ್ ಮುಂದಿನದರ ಜೊತೆಗೇ ಏರಿಳೀತೈತೆ. ಲೀಕ್ ಇಲ್ಲ.

ಉತ್ತರ (ಚಿತ್ರದುರ್ಗ)

ಹಂಗಾದ್ರೆ ಕೊಂದಿದ್ದು ಯಾರು ಅಂತ ಹೆಚ್ಚುಕಮ್ಮಿ ಸಿಕ್ತು. ಪ್ಲಗ್‌ಗೆ ಕರೆಂಟ್ ಕೊಡೋ ಕಾಯಿಲ್ ಕೈಕೊಟ್ರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯಲ್ಲ, ಹಸಿಯಾಗೇ ಹೋಗಿ ಕ್ಯಾಟ್ ಒಳಗೆ ಉರಿಯುತ್ತೆ, ಆ ಬಿಸಿಗೆ ಸೆರಾಮಿಕ್ ಕರಗುತ್ತೆ, ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಕೆಲಸಕ್ಕೆ ಬಾರದಂಗಾಗುತ್ತೆ. ಲೈಟ್ ಮಿಣುಕೋದು ಅದಕ್ಕೇನೆ, ಗಾಡಿ ನಿಲ್ಸು ಕ್ಯಾಟ್ ಹೋಗುತ್ತೆ ಅನ್ನೋ ಎಚ್ಚರಿಕೆ ಅದು. ಆ ಹಳೇ ಜಾಬ್ ಕಾರ್ಡ್ ಕಾಪಿ ಇವತ್ತೇ ತಗೊಳ್ರಿ. ವಾರಂಟೀಲಿ ಇದ್ದಾಗ ಕಂಪನಿ ಪಾರ್ಟ್ ಕೆಟ್ಟು ಕ್ಯಾಟ್‌ಗೆ ಏಟು ಬಿದ್ದೈತೆ ಅನ್ನೋದಕ್ಕೆ ಅದೇ ನಿಮ್ ಆಧಾರ.

8 ವರ್ಷದ ವಿಷಯ: ಅದು ಅಮೆರಿಕದ ಕಾನೂನು, 8 ವರ್ಷ ಅಥವಾ 80 ಸಾವಿರ ಮೈಲಿ, ನಮ್ಗೆ ಅನ್ವಯ ಆಗಲ್ಲ, ಕೌಂಟರ್‌ನಲ್ಲಿ ಅದನ್ನ ಹೇಳಿದ್ರೆ ನಿಮ್ ಮಾತಿಗೆ ಬೆಲೆ ಕಮ್ಮಿ ಆಗುತ್ತೆ. ಆದ್ರೆ ನಿಮ್ಮ ಗಾಡಿ ಪುಸ್ತಕದ ಹಿಂದಿನ ಪುಟಗಳಲ್ಲಿ ಎಮಿಷನ್ ವಾರಂಟಿ ಅಂತ ಬೇರೇನೇ ಇರುತ್ತೆ ನೋಡ್ರಿ, ನಮ್ಮಲ್ಲಿ ಹಲವು ಕಂಪನಿ ಪುಸ್ತಕದಲ್ಲಿ 36 ತಿಂಗಳು ಅಥವಾ 80 ಸಾವಿರ ಕಿಲೋಮೀಟರ್, ಯಾವ್ದು ಮೊದ್ಲೋ ಅದು. ನಿಮ್ಮ ಪುಸ್ತಕದಲ್ಲೂ ಹಂಗೇ ಇದ್ರೆ ನೀವಿನ್ನೂ ಒಳಗೇ ಇದೀರ. ಷರತ್ತು ಏನಂದ್ರೆ ಗಾಡಿ ಹೊಗೆ ಪಿಯುಸಿ (ಹೊಗೆ ಪರೀಕ್ಷೆ) ಮಿತಿಗಿಂತ ಜಾಸ್ತಿ ಬಂದಿರ್ಬೇಕು, ಪಿಯುಸಿ ತಪ್ಪದೆ ಮಾಡ್ಸಿರ್ಬೇಕು, ಸರ್ವಿಸ್ ಟೈಮಿಗೆ ಆಗಿರ್ಬೇಕು. ಅದಕ್ಕೇ ಒಂದು ಒಳ್ಳೆ ಸೆಂಟರ್‌ನಲ್ಲಿ ಪಿಯುಸಿ ಮಾಡ್ಸಿ ರೀಡಿಂಗ್ ಸಮೇತ ಪ್ರಿಂಟ್ ತಗೊಳ್ರಿ, ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಪಾಸ್ ಆದ್ರೆ ಆ ಪುಟದಿಂದ ಕೇಳೋದು ಕಷ್ಟ, ಆಗ ಕಾಯಿಲ್ ಜಾಬ್ ಕಾರ್ಡ್ ಹಿಡ್ಕೊಂಡು ಗುಡ್‌ವಿಲ್ ಕ್ಲೇಮ್ (ವಾರಂಟಿ ಇಲ್ದಿದ್ರೂ ಕಂಪನಿ ತಾನಾಗೇ ಖರ್ಚು ಭರಿಸೋದು) ಕೇಳ್ರಿ.

ಪೆಟ್ರೋಲ್ ಸರಿ ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ ಒಪ್ಕೋಬೇಡ್ರಿ, ಟ್ಯಾಂಕ್‌ನಿಂದ ಸ್ಯಾಂಪಲ್ ತೆಗೆದು ಟೆಸ್ಟ್ ರಿಪೋರ್ಟ್ ಕೊಡ್ರಿ ಅನ್ರಿ. ಜಾಬ್ ಕಾರ್ಡ್‌ನ ಕಸ್ಟಮರ್ ವಾಯ್ಸ್ ಜಾಗದಲ್ಲಿ ಕೋಡ್, ಎಳೆತ, ವಾಸನೆ ಎಲ್ಲ ಬರೆಸಿ, ಬರೀ ಜನರಲ್ ಚೆಕಪ್ ಅಂತ ಬರೆದ್ರೆ ಸಹಿ ಹಾಕ್ಬೇಡಿ. ಕ್ಲೇಮ್ ತಿರಸ್ಕಾರ ಮಾಡಿದ್ರೆ ಕಾರಣ ಇಮೇಲ್‌ನಲ್ಲಿ ಕೇಳ್ರಿ. ಆಗ್ಲಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅದಾದ್ಮೇಲೆ ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗ, 2019ರ ಕಾಯ್ದೆ ಪ್ರಕಾರ ನೀವು ಇರೋ ಊರಲ್ಲೇ ಹಾಕ್ಬೋದು, 5ರಿಂದ 10 ಲಕ್ಷದ ಗಾಡಿಗೆ ಫೀಸು ಬರೀ 200 ರೂಪಾಯಿ.

ಇನ್ನೊಬ್ಬರು (ಹರಿಹರ)

ಅಷ್ಟೆಲ್ಲಾ ಯಾಕೆ, ಒಳಗಿನ ಜೇನುಗೂಡು ಒಡೆದು ತೆಗೆಸಿ ಖಾಲಿ ಡಬ್ಬ ಹಾಕ್ಸಿ, ಎಳೆತ ವಾಪಸ್ ಬರುತ್ತೆ, ನಮ್ ಕಡೆ ಮಾಡ್ಕೊಡ್ತಾರೆ.

ಉತ್ತರ (ಚಿತ್ರದುರ್ಗ)

ಅಣ್ಣ ಅದು ಬೇಡ. ಕಾನೂನು ಪ್ರಕಾರ ತಪ್ಪು, ಪಿಯುಸಿ ಫೇಲ್ ಆಗುತ್ತೆ, ಲೈಟ್ ಹಂಗೇ ಉರೀತಿರುತ್ತೆ, ಅವ್ರ ವಾರಂಟಿ ಕೇಸ್ ಅವತ್ತೇ ಮುಗಿಯುತ್ತೆ. ಆ ಹೊಗೆ ಕುಡಿಯೋದು ಪಿ.ಬಿ. ರಸ್ತೇಲಿ ಬಸ್ಸಿಗೆ ಕಾಯೋ ಮಕ್ಕಳು.

ಪ್ರಶ್ನೆ ಕೇಳಿದವರು

ಪುಸ್ತಕದಲ್ಲಿ ಆ ಪುಟ ಐತೆ ಸಾರ್, 36 ತಿಂಗಳೇ! ಪಿಯುಸಿನೂ ಫೇಲ್ ಬಂತು. ಎಲ್ಲ ಸೇರಿಸಿ ಇಮೇಲ್ ಹಾಕ್ದೆ, ಈಗ ಕಂಪನಿ ಕಡೆಯವ್ರು ಬಂದು ನೋಡ್ತೀವಿ ಅಂದಿದಾರೆ.

ಉತ್ತರ (ಚಿತ್ರದುರ್ಗ)

ಬಹಳ ಖುಷಿ. ಅವ್ರು ಹೊಸ ಕ್ಯಾಟ್ ಹಾಕೋದಾದ್ರೆ ಪ್ಲಗ್ಗು, ಉಳಿದ ಕಾಯಿಲ್‌ಗಳು, ಆಯಿಲ್ ಕುಡೀತೈತಾ ಅನ್ನೋದು ಎಲ್ಲ ಮೊದ್ಲು ಚೆಕ್ ಮಾಡಿಸ್ರಿ, ಇಲ್ದಿದ್ರೆ ಹೊಸದೂ ಹಳೇದರ ದಾರೀನೇ ಹಿಡಿಯುತ್ತೆ. ಹಾಕಿದ್ಮೇಲೆ ಒಂದಷ್ಟು ದಿನ ಹೈವೇಲಿ ಒಂದೇ ಸ್ಪೀಡಲ್ಲಿ ಓಡ್ಸಿ, ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಕ್ಯಾಟ್‌ನ ಇಸಿಯು ತಾನೇ ಮಾಡೋ ಪರೀಕ್ಷೆ) ಕಂಪ್ಲೀಟ್ ಅಂತ ಬಂದ ಮೇಲೇನೇ ಕಂಪ್ಲೇಂಟ್ ಕ್ಲೋಸ್ ಮಾಡೋಕೆ ಒಪ್ಪಿಗೆ ಕೊಡ್ರಿ.